ಆಷಾಢದಲ್ಲಿ ಮಲಗಿದ್ದ ಐದು ಸಾವಿರ ಲೀಟರು

ನಮ್ಮ ವಂಶಕ್ಕೆ ಒಂದು ಕಾಯಿಲೆ ಇದೆ. ಸಕ್ಕರೆ, ಬೀಪಿಗಳ ಜಾತಿಯದಲ್ಲ, ಮಾತ್ರೆಗೆ ಬಗ್ಗುವಂಥದ್ದೂ ಅಲ್ಲ. ಯಾವ ವಸ್ತುವನ್ನೂ ನಾವು ಅಳತೆಗೆ ಸರಿಯಾಗಿ ಕೊಂಡವರಲ್ಲ. ಒಂದನೇ ಕ್ಲಾಸಿನಲ್ಲಿ ನನಗೆ ಹೊಲಿಸಿದ ಚಡ್ಡಿಗೆ ನಾನು ಸರಿಹೋದದ್ದು ಮೂರನೇ ಕ್ಲಾಸಿನಲ್ಲಿ; ಅಷ್ಟು ಹೊತ್ತಿಗೆ ಚಡ್ಡಿ ಹರಿದಿತ್ತು. ಬೂಟಿನ ಮೂತಿಗೆ ಹಳೆಯ ಪೇಪರು ತುರುಕಿ ಹೈಸ್ಕೂಲು ಮುಗಿಸಿದೆ. ನನ್ನ ಮದುವೆಯ ಉಂಗುರಕ್ಕೆ ಇವತ್ತಿಗೂ ದಾರ ಸುತ್ತಿದೆ. “ವಯಸ್ಸಾದ್ಮೇಲೆ ಬೆರಳು ಊದತ್ತೆ, ಆಗ ಬೇಕಾಗತ್ತೆ” ಎಂದು ಅಮ್ಮ ಆಗ ಅಕ್ಕಸಾಲಿಗನ ಎದುರೇ ಭರವಸೆ ಕೊಟ್ಟಿದ್ದಳು. ಬೆರಳು ಊದಲಿಲ್ಲ, ಹೊಟ್ಟೆ ಊದಿತು. ಮೂರು ಜನರಿರುವ ಮನೆಯಲ್ಲಿ ಹತ್ತು ಲೀಟರಿನ ಕುಕ್ಕರಿದೆ. ಅದರ ತಳದಲ್ಲಿ ಬೇಯುವ ಒಂದು ಪಾವು ಅಕ್ಕಿ ಬಾವಿಗೆ ಬಿದ್ದ ಉಂಗುರದಂತೆ ಕಾಣುತ್ತದೆ. ‘ದೊಡ್ಡದಿದ್ರೆ ಚಿಕ್ಕದರ ಕೆಲಸಾನೂ ಮಾಡತ್ತೆ’ ಎಂಬುದು ಅಮ್ಮನ ಸಿದ್ಧಾಂತ. ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಹೋದ ಆಷಾಢದಲ್ಲಿ ಈ ಸಿದ್ಧಾಂತ ಒಬ್ಬ ಮನುಷ್ಯನ ಪ್ರಾಣ ತೆಗೆಯುವುದರಲ್ಲಿತ್ತು. ತೆಗೆಯಲಿಲ್ಲ. ಆದರೆ ನಾನು ಎದುರಿಗೇ ನಿಂತು ನೋಡಿದೆ. ಈಗಲೂ ನೋಡುತ್ತಲೇ ಇದ್ದೇನೆ. ಗ್ಯಾಸಿನವನು ಗೇಟಿನಿಂದ ಸಿಲಿಂಡರು ಉರುಳಿಸಿಕೊಂಡು ಬಂದರೆ ಸಾಕು, ಕಾಫಿ ಲೋಟ ಕೆಳಗಿಟ್ಟು ಗೋಡೆಗೆ ಅಂಟಿಕೊಳ್ಳುತ್ತೇನೆ. “ಅವನು ಸಿಲಿಂಡರ್ ತಂದಿದಾನೆ ಕಣ್ರೀ, ಯುದ್ಧ ತಂದಿಲ್ಲ” ಎನ್ನುತ್ತಾಳೆ ನನ್ನ ಹೆಂಡತಿ ಶಾರದಾ.

ನಾವಿರುವುದು ಸಿಂಗಾಪುರದಲ್ಲಿ. ಮದುವೆಮನೆಗಳಲ್ಲಿ ಹೀಗೆಂದಾಗ ಒಂದು ಕ್ಷಣ ಗೌರವ ಸಿಗುತ್ತದೆ. ‘ವಿದ್ಯಾರಣ್ಯಪುರದಿಂದ ಸ್ವಲ್ಪ ಮುಂದೆ’ ಎಂದು ಸೇರಿಸಿದ ಕೂಡಲೇ ವಾಪಸು ಹೋಗುತ್ತದೆ. ನಾನು ಯಲಹಂಕದ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಈ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ನಡೆದದ್ದನ್ನು ಕೇಳಿದ ಮೇಲೆ ಮರೆತರೆ ಉಪಕಾರ. ಬೇಸಿಗೆ ಬಂತೆಂದರೆ ನಮ್ಮ ಬೀದಿಯ ಬೋರ್‌ವೆಲ್ಲುಗಳು ಕೆಮ್ಮಲು ಶುರುಮಾಡುತ್ತವೆ, ಆಮೇಲೆ ಬರೀ ಉಸಿರು ಬಿಡುತ್ತವೆ. ಆಗ ನೀರಿನ ಟ್ಯಾಂಕರಿನವನಿಗೆ ಫೋನು ಮಾಡಬೇಕು. ಅವನ ಹತ್ತಿರ ನಾನು ಉಪಯೋಗಿಸುವ ವಿನಯವನ್ನು ಹೆಣ್ಣು ಕೊಟ್ಟ ಮಾವನ ಹತ್ತಿರವೂ ಉಪಯೋಗಿಸಿದವನಲ್ಲ. ಹೀಗೆ ಒಂದು ಬೇಸಿಗೆಯನ್ನು ದೈನ್ಯದಲ್ಲಿ ಕಳೆದ ಮೇಲೆ ಮೇ ತಿಂಗಳ ಒಂದು ಸಂಜೆ ದೊಡ್ಡ ಮಳೆ ಹೊಡೆಯಿತು. ತಾರಸಿಯ ಪೈಪಿನ ಬಾಯಿಗೆ ಶಾರದಾ ನಮ್ಮ ನೀಲಿ ಡ್ರಮ್ಮನ್ನು ಇಟ್ಟಳು. ಐದು ನಿಮಿಷಕ್ಕೆ ತುಂಬಿತು. ಬಕೆಟ್ಟುಗಳನ್ನು ಇಟ್ಟಳು, ಕೊಳದಪ್ಪಲೆ ಇಟ್ಟಳು, ಕೊನೆಗೆ ಆ ಹತ್ತು ಲೀಟರಿನ ಕುಕ್ಕರಿಗೂ ಜನ್ಮದಲ್ಲಿ ಮೊದಲ ಸಲ ತುಂಬುವ ಭಾಗ್ಯ ಬಂತು. ಮಿಕ್ಕ ನೀರೆಲ್ಲ ನಮ್ಮ ಕಣ್ಣೆದುರೇ ಗೇಟು ದಾಟಿ ಮೋರಿಗೆ ಹೋಯಿತು. ಅದನ್ನು ನೋಡಿ ನನ್ನ ಹೊಟ್ಟೆ ಉರಿಯಿತು. “ಇನ್ನೊಂದೆರಡು ಡ್ರಮ್ ತನ್ನಿ” ಎಂದಳು ಶಾರದಾ. ಅಷ್ಟೇ ಮಾಡಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ನಾನು ಪೆನ್ಸಿಲು ತೆಗೆದುಕೊಂಡೆ.

ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರು ಜಾಗದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ನಮ್ಮ ತಾರಸಿ ಹೆಚ್ಚು ಕಡಿಮೆ ನೂರು ಚದರ ಮೀಟರು. ಅಂದರೆ ಮಿಲಿಮೀಟರಿಗೆ ನೂರು ಲೀಟರು. ಜೋರು ಮಳೆ ಐವತ್ತು ಮಿಲಿಮೀಟರು ಹೊಡೆಯಿತು ಎಂದಿಟ್ಟುಕೊಳ್ಳಿ. ನೂರು ಇಂಟು ಐವತ್ತು, ಐದು ಸಾವಿರ ಲೀಟರು. ಆದ್ದರಿಂದ ಐದು ಸಾವಿರ ಲೀಟರಿನ ಟ್ಯಾಂಕು. ಉತ್ತರದ ಕೆಳಗೆ ಎರಡು ಗೆರೆ ಎಳೆದೆ. ಮಕ್ಕಳಿಗೆ ನಾನು ಸಾವಿರ ಸಲ ಹೇಳಿದ್ದೇನೆ, ಉತ್ತರ ಬಂದ ಮೇಲೆ ಅದು ಲೋಕದಲ್ಲಿ ಸಾಧ್ಯವೇ ಎಂದು ಒಂದು ಸಲ ಯೋಚಿಸಿ ಅಂತ. ಮಕ್ಕಳು ಯಾವತ್ತೂ ಕೇಳಿಲ್ಲ. ನಾನೂ ಕೇಳಲಿಲ್ಲ. ಅಮ್ಮ ಕನ್ನಡಕ ಏರಿಸಿಕೊಂಡು ಕಾಗದ ನೋಡಿ, “ಆರು ಸಾವಿರದ್ದು ಸಿಗಲ್ವಾ?” ಎಂದಳು.

ಈಗ ಎದುರುಮನೆಯ ಕೆಂಪಣ್ಣನವರ ವಿಷಯ ಹೇಳಬೇಕು. ಸಿಂಗಾಪುರ ಹಳ್ಳಿಯಾಗಿದ್ದಾಗಿನಿಂದ ಇರುವವರು. ನಮ್ಮ ಬೀದಿ ಇರುವ ಜಾಗದಲ್ಲಿ ಅವರ ಮನೆಯವರು ರಾಗಿ ಬೆಳೆಯುತ್ತಿದ್ದರು. “ನಿಮ್ ಟೀವಿ ಐತಲ್ಲ ಮೇಷ್ಟ್ರೇ, ಅಲ್ಲೇ ನಮ್ ಎತ್ತು ಕಟ್ತಿದ್ವಿ” ಎಂದು ಅವರು ಹೇಳಿದಂದಿನಿಂದ ನನಗೆ ಟೀವಿಯಲ್ಲಿ ವಾರ್ತೆ ನೋಡುವಾಗ ಎತ್ತಿನ ಮುಖವೇ ಕಾಣುತ್ತದೆ. ರಾಗಿಹೊಲ ಸೈಟುಗಳಾದ ಮೇಲೆ ಕೆಂಪಣ್ಣನವರು ಮನೆ ಕಟ್ಟಿಸಿ ಮಾರತೊಡಗಿದರು. ನಮ್ಮ ಮನೆ ಅವರೇ ಕಟ್ಟಿಸಿದ್ದು. ಇಪ್ಪತ್ತು ವರ್ಷದ ಹಿಂದೆ ನಾನು ಅವರಿಂದಲೇ ಕೊಂಡದ್ದು. ಈಗ ವಯಸ್ಸು ಎಪ್ಪತ್ತರ ಹತ್ತಿರ. ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಹಿಡಿದು ಬೀದಿಯಲ್ಲಿ ಬಿಸಿಲು ಬೇಕಾದಾಗ ಬಿಸಿಲಿಗೆ, ನೆರಳು ಬೇಕಾದಾಗ ನೆರಳಿಗೆ ಸರಿಯುತ್ತ ಇಡೀ ದಿನ ಕೂರುತ್ತಾರೆ. ಒಮ್ಮೆ ಕೂತರೆ ಅವರನ್ನು ಏಳಿಸುವ ಗಂಡು ನಮ್ಮ ಬಡಾವಣೆಯಲ್ಲಿ ಹುಟ್ಟಿಲ್ಲ. ಕಸದ ಗಾಡಿ ಬಂದರೆ ಗಾಡಿಯೇ ಸುತ್ತಿಕೊಂಡು ಹೋಗಬೇಕು. ಒಮ್ಮೆ ವಾರ್ಡಿನ ಮುಖಂಡರೊಬ್ಬರು ವೋಟು ಕೇಳಲು ಬಂದು, ಜೊತೆಗಿದ್ದವನೊಬ್ಬ “ಯಜಮಾನ್ರೇ, ಸ್ವಲ್ಪ ಎದ್ದೇಳಿ, ಸಾಹೇಬ್ರು ಬಂದವ್ರೆ” ಎಂದದ್ದಕ್ಕೆ, “ನಾನ್ ಕುಂತಿರೋದು ನಮ್ಮಪ್ಪನ ಒಲ. ಸಾಹೇಬ್ರು ಬೇಕಾದ್ರೆ ಕುಂತ್ಕೊಳ್ಳಿ” ಎಂದು ಮಣ್ಣು ತೋರಿಸಿದ್ದರು. ಮುಖಂಡರು ಕುಕ್ಕರಗಾಲಿನಲ್ಲಿ ಕೂತೇ ಮಾತಾಡಿ ಹೋದರು.

ಟ್ಯಾಂಕಿನ ಸುದ್ದಿ ಕೇಳಿ ಕೆಂಪಣ್ಣನವರು ನಕ್ಕರು. “ಐದ್ ಸಾವ್ರ ಯಾಕೆ ಮೇಷ್ಟ್ರೇ? ಎಲ್ಡ್ ಸಾವ್ರ ಸಾಕು.”

ನಾನು ಕಾಗದ ತೋರಿಸಿದೆ. ಅವರು ಕಾಗದವನ್ನು ತಲೆಕೆಳಗಾಗಿ ಹಿಡಿದು ನೋಡಿ ವಾಪಸು ಕೊಟ್ಟರು. “ಅಂಥಾ ಮಳೆ ವರ್ಸಕ್ಕೆ ಎಷ್ಟ್ ದಿನ ಬತ್ತದೆ? ಮಗಳ ಮದ್ವೇಗೆ ಐನೂರು ಜನ ಬಂದಿದ್ರು ಅಂತ ದಿನಾ ಅಂಡೆಯಲ್ಲಿ ಅನ್ನ ಮಾಡ್ತೀರಾ? ಮಳೆ ಬತ್ತದೆ, ಬಳಸ್ತೀರಾ, ಅಷ್ಟ್ರಲ್ಲಿ ಇನ್ನೊಂದ್ ಮಳೆ ಬತ್ತದೆ. ಎಲ್ಡ್ ಸಾವ್ರ.”

ಈಗ ಯೋಚಿಸಿದರೆ ಟ್ಯಾಂಕಿನ ಸೈಜಿನ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಆದರೆ ಎಂಎಸ್ಸಿ ಮಾಡಿದವನು ಕುರ್ಚಿಯಲ್ಲಿ ಕೂತವರ ಮಾತು ಕೇಳುವುದುಂಟೇ. “ಎಲ್ಲಿಡ್ತೀರಾ ಅದನ್ನ?” ಎಂದು ಕೇಳಿದರು. ಮನೆಯ ಪಕ್ಕದ ಓಣಿಯಲ್ಲಿ ನನ್ನ ಸ್ಕೂಟರು, ಅಮ್ಮನ ದಾಸವಾಳ, ಹಳೆಯ ಸೈಕಲ್ಲು ಇವೆ. ಆದ್ದರಿಂದ ಪೋರ್ಟಿಕೋ ಮೇಲೆ ಎಂದೆ. ಪೋರ್ಟಿಕೋ ಎಂದರೆ ನಮ್ಮ ಮನೆಯ ಮುಂದೆ ಎರಡು ಕಂಬದ ಮೇಲೆ ನಿಂತ ಕಾಂಕ್ರೀಟಿನ ಮೋಲ್ಡು. ಅದರ ಕೆಳಗೆ ಕೂತು ಅಮ್ಮ ಸೊಪ್ಪು ಬಿಡಿಸುತ್ತಾಳೆ. ಮೇಲಿನ ತಾರಸಿಯ ಪೈಪು ಅದರ ಪಕ್ಕದಲ್ಲೇ ಇಳಿಯುತ್ತದೆ. ಅಲ್ಲಿಟ್ಟರೆ ಬಚ್ಚಲಿಗೆ ನೀರು ತಾನಾಗಿಯೇ ಬರುತ್ತದೆ, ಮೋಟಾರು ಬೇಡ. ಇದನ್ನು ಕೇಳಿ ಕೆಂಪಣ್ಣನವರ ಮುಖದ ನಗು ಹೋಯಿತು. “ಪೋರ್ಟಿಕೋ ಮ್ಯಾಲಾ?” ಎಂದರು. “ಬ್ಯಾಡ.” ಯಾಕೆ ಎಂದೆ. “ಬ್ಯಾಡ ಅಂದ್ರೆ ಬ್ಯಾಡ. ಎಲ್ಡ್ ಸಾವ್ರದ್ದು ತಗಂಡು ನೆಲದ್ ಮ್ಯಾಲಿಡಿ.” ಕಾರಣ ಕೊಡದೆ ತೀರ್ಮಾನ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ, ಪರೀಕ್ಷೆಯಲ್ಲಾದರೆ ಇಂಥವರಿಗೆ ಅರ್ಧ ಅಂಕ. ದಿನಾ ಕಾಲೇಜಿಗೆ ಹೋಗುವಾಗ “ಎಲ್ಡ್ ಸಾವ್ರ” ಎನ್ನುವರು, ಬರುವಾಗ “ಐದು” ಎನ್ನುವೆ ನಾನು. ತಿಂಗಳು ಹೀಗೆ ನಡೆಯಿತು. ಅವರ ಮನೆಯ ಟ್ಯಾಂಕು ಎರಡು ಸಾವಿರದ್ದು, ನನ್ನದು ದೊಡ್ಡದಾದರೆ ಹೊಟ್ಟೆಕಿಚ್ಚು ಎಂದು ನಾನು ತಿಳಿದೆ. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ, ಆದರೂ ಬರೆಯುತ್ತೇನೆ.

ಟ್ಯಾಂಕು ಬಂತು. ಗೂಡ್ಸ್ ಆಟೋದ ಮೇಲೆ ಅದು ಬೀದಿಗೆ ತಿರುಗಿದಾಗ ಯಾರೋ ಆನೆ ತರಿಸಿದ್ದಾರೆ ಎಂದು ಮಕ್ಕಳು ಓಡಿಬಂದರು. ಕಪ್ಪಗೆ, ಆರಡಿ ಅಗಲಕ್ಕೆ, ನನಗಿಂತ ಎತ್ತರಕ್ಕೆ ಇತ್ತು. ಆರು ಜನ ಹಗ್ಗ ಹಾಕಿ ಪೋರ್ಟಿಕೋ ಮೇಲೆ ಎಳೆದರು. ಪ್ಲಂಬರು ಬಂದು ನಾಳೆ ಪೈಪು ಕೂಡಿಸುತ್ತೇನೆ ಎಂದ. ಆಗ ಅಮ್ಮ ಒಳಗಿನಿಂದ ಕ್ಯಾಲೆಂಡರು ಹಿಡಿದು ಬಂದಳು. “ನಾಳೆಯಿಂದ ಆಷಾಢ.”

“ಆದ್ರೇನಮ್ಮ, ಟ್ಯಾಂಕು ತಾನೆ.”

“ಗಂಗಮ್ಮನ್ನ ಮನೆ ತುಂಬಿಸ್ಕೊಳ್ಳೋದು ಕಣೋ ಅದು. ತಂದಿದ್ದು ಜ್ಯೇಷ್ಠದಲ್ಲಿ, ಅದಕ್ಕೆ ತಪ್ಪಿಲ್ಲ. ನಿಲ್ಲಿಸೋದು, ನೀರು ತುಂಬೋದು ಶ್ರಾವಣದಲ್ಲಿ, ಪೂಜೆ ಮಾಡಿ.”

“ಅಲ್ಲೀತನಕ?”

“ಮಲಗಿರ್ಲಿ.”

ನಿಲ್ಲಿಸಿದರೆ ಸ್ಥಾಪನೆಯಾದಂತೆ, ಮಲಗಿಸಿದರೆ ಬರೀ ಸಾಮಾನು, ಇದು ಅಮ್ಮನ ಶಾಸ್ತ್ರ. ಹೊಸದಾಗಿ ಮದುವೆಯಾದವರನ್ನು ಆಷಾಢದಲ್ಲಿ ಬೇರೆ ಇಡುವಂತೆ ನಮ್ಮ ಟ್ಯಾಂಕನ್ನೂ ಮಳೆಯನ್ನೂ ಬೇರೆ ಇಡಲಾಯಿತು. ಟ್ಯಾಂಕನ್ನು ಅಡ್ಡ ಮಲಗಿಸಿ, ಅರಿಶಿನ ಕುಂಕುಮ ಹಚ್ಚಿದ್ದಾಯಿತು. ಉರುಳೀತು ಎಂದು ಶಾರದಾ ಅನುಮಾನಪಟ್ಟಾಗ ನಾನು ವಿಜ್ಞಾನಿಯ ಗತ್ತಿನಲ್ಲಿ ಎರಡು ಇಟ್ಟಿಗೆ ತಂದು ಆ ಕಡೆ ಒಂದು, ಈ ಕಡೆ ಒಂದು ಇಟ್ಟೆ. ಉರುಳುವ ವಸ್ತುವಿನ ಘರ್ಷಣೆ ಜಾರುವ ವಸ್ತುವಿನದಕ್ಕಿಂತ ಬಹಳ ಕಡಿಮೆ ಎಂಬುದು ಮೊದಲ ಪಿಯುಸಿ ಪಾಠ. ಆಷಾಢದಲ್ಲಿ ಗಾಳಿ ಬೀಸುತ್ತದೆ ಎಂಬುದನ್ನು ಕಲಿಯಲು ಪಿಯುಸಿಯೂ ಬೇಡ. ಅಂಥ ತಿಂಗಳಲ್ಲಿ, ಒಳಗೆ ಒಂದು ತೊಟ್ಟು ನೀರಿಲ್ಲದ, ಗುಂಡಗಿನ, ಆನೆ ಗಾತ್ರದ ಡಬ್ಬವೊಂದನ್ನು, ಮಳೆನೀರು ಇಳಿದುಹೋಗಲೆಂದು ರಸ್ತೆಯ ಕಡೆ ಇಳಿಜಾರು ಕೊಟ್ಟ ಮೋಲ್ಡಿನ ಮೇಲೆ, ಅರ್ಧ ಅಡಿ ಕಟ್ಟೆಯ ಈಚೆಗೆ, ಎರಡು ಇಟ್ಟಿಗೆಯ ಭರವಸೆಯಲ್ಲಿ ನಾನು ಮಲಗಿಸಿದ್ದೆ. ಮಳೆ ದಿನಾ ಜಿನುಗಿತು. ತಾರಸಿಯ ನೀರು ಟ್ಯಾಂಕಿನ ಪಕ್ಕದಲ್ಲೇ ಇಳಿದು ಹಳೆಯ ದಾರಿಯಲ್ಲೇ ಮೋರಿಗೆ ಹೋಯಿತು. “ಐದು ಸಾವಿರ ಲೀಟರ್ ಮುಹೂರ್ತ ತುಂಬಿಟ್ಟಿದೀರಿ” ಎಂದಳು ಶಾರದಾ, ನೀಲಿ ಡ್ರಮ್ಮಿನಿಂದ ಚೊಂಬಿನಲ್ಲಿ ನೀರು ಮೊಗೆಯುತ್ತ.

ಆಷಾಢದ ಮೂರನೇ ವಾರ. ಮಧ್ಯಾಹ್ನ ನಾಲ್ಕರ ಸುಮಾರು. ಯಲಹಂಕದಿಂದ ಬಸ್ಸಿನಲ್ಲಿ ಬಂದು, ಅಮ್ಮ ಹೇಳಿದ್ದ ದಂಟಿನ ಸೊಪ್ಪಿನ ಒಂದು ಕಟ್ಟು ಕೊಂಡು, ಬೀದಿಗೆ ತಿರುಗಿದೆ. ಗಾಳಿ ಎಂಥದ್ದೆಂದರೆ ನನ್ನ ಛತ್ರಿ ಹೂವಿನಂತೆ ಅರಳಿ ಹಿಂದಕ್ಕೆ ಮಡಿಚಿಕೊಂಡಿತ್ತು. ಯಾರದೋ ಮನೆಯ ಒಣಗಿಹಾಕಿದ ಲುಂಗಿ ತಂತಿಯ ಮೇಲೆ ಕೂತು ನನ್ನನ್ನು ನೋಡುತ್ತಿತ್ತು. ಕೆಂಪಣ್ಣನವರು ಗಾಳಿಗೆ ಮರೆಯೆಂದು ತಮ್ಮ ಕುರ್ಚಿಯನ್ನು ರಸ್ತೆ ದಾಟಿಸಿ ನಮ್ಮ ಗೇಟಿನ ಮುಂದೆ, ಪೋರ್ಟಿಕೋದ ಅಂಚಿಗೆ ಸರಿಯಾಗಿ ಹಾಕಿಕೊಂಡು, ಕಿವಿಗೆ ಟವೆಲ್ಲು ಸುತ್ತಿ ಕೂತಿದ್ದರು. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ. ಆಗ ಅವರ ತಲೆಯ ಮೇಲೆ, ಪೋರ್ಟಿಕೋದ ಅಂಚಿನಲ್ಲಿ, ಏನೋ ಕಪ್ಪಗೆ ಸೂರ್ಯೋದಯದ ಹಾಗೆ ಮೇಲೇಳುತ್ತಿರುವುದು ಕಂಡಿತು.

ಮುಂದಿನದೆಲ್ಲ ನಾಲ್ಕು ಸೆಕೆಂಡು. ನಾನು ಅದನ್ನು ನಾಲ್ಕು ಸಾವಿರ ಸಲ ನೋಡಿರುವುದರಿಂದ ನಿಧಾನವಾಗಿ ಹೇಳಬಲ್ಲೆ. ಟ್ಯಾಂಕು ಇಟ್ಟಿಗೆಯನ್ನು ಯಾವಾಗಲೋ ದಾಟಿತ್ತು. ಅರ್ಧ ಅಡಿ ಕಟ್ಟೆಗೆ ಒರಗಿಕೊಂಡು ಗಾಳಿ ಬಂದಾಗ ಹತ್ತುವುದು, ಗಾಳಿ ಬಿಟ್ಟಾಗ ಇಳಿಯುವುದು, ಹೀಗೆ ತೊಟ್ಟಿಲಿನಂತೆ ತೂಗುತ್ತಿತ್ತು. ಒಂದು ಸಲ ಹತ್ತಿತು, ಇಳಿಯಿತು. ಇನ್ನೊಂದು ಸಲ ಹತ್ತಿತು. ಇಳಿಯಲಿಲ್ಲ. ಅರಿಶಿನ ಕುಂಕುಮದ ಬೊಟ್ಟು ನನ್ನ ಕಡೆಗೆ ತಿರುಗಿತು. ಕೆಳಗೆ ಕೆಂಪಣ್ಣನವರು ಮೂಗಿಗೆ ನಶ್ಯ ಏರಿಸುತ್ತಿದ್ದರು. ಕೂಗಬೇಕು. ಬಾಯಿ ತೆರೆದೆ. ಆಮೇಲೆ, ಸೊಪ್ಪಿನ ಕಟ್ಟನ್ನು ಮೇಲೆತ್ತಿ, ಮೂವತ್ತು ವರ್ಷ ಪಾಠ ಹೇಳಿದ ಗಂಟಲೆಲ್ಲ ಒಟ್ಟು ಮಾಡಿ ಕೂಗಿದೆ:

“ಕೆಂಪಣ್ಣಾ, ಎರಡು ಸಾವಿರವೇ ಸಾಕಿತ್ತು.”

ಕೆಂಪಣ್ಣನವರು ನಶ್ಯದ ಕೈ ಇಳಿಸಿದರು. ಮುಖ ಅರಳಿತು. ಕಸದ ಗಾಡಿಗೆ ಏಳದ, ಮುಖಂಡರಿಗೆ ಏಳದ ಆ ಮನುಷ್ಯ ಕುರ್ಚಿಯ ಎರಡೂ ಕೈ ಹಿಡಿದು ಎದ್ದರು. ಕಿವಿಯ ಟವೆಲ್ಲು ಬಿಚ್ಚುತ್ತ ನನ್ನ ಕಡೆಗೆ ನಾಲ್ಕು ಹೆಜ್ಜೆ ನಡೆದು ಬಂದು, “ಏನಂದ್ರಿ? ಇನ್ನೊಂದ್ ಕಿತ ಅನ್ನಿ” ಎಂದರು.

ಹಿಂದೆ ಕುರ್ಚಿ ಇರಲಿಲ್ಲ. ಕುರ್ಚಿಯಿದ್ದ ಜಾಗದಲ್ಲಿ ಢಮ್ಮೆಂಬ ಶಬ್ದ ಮಾತ್ರ ಇತ್ತು, ಆಮೇಲೆ ಕೆಂಪು ಚೂರುಗಳು. ಟ್ಯಾಂಕು ಅಲ್ಲಿ ಒಂದು ಸಲ ಪುಟಿದು, ನಮ್ಮಿಬ್ಬರ ಪಕ್ಕದಲ್ಲೇ ಗಡಗಡ ಎಂದು ಇಳಿಜಾರಿನಲ್ಲಿ ಓಡಿತು. ಬೀದಿಯ ಕೊನೆಯಲ್ಲಿ ಗಾಡಿಗಳ ವೇಗ ತಗ್ಗಲೆಂದು ನಿವಾಸಿಗಳೇ ಹಾಕಿಕೊಂಡಿದ್ದ ರಸ್ತೆ ಹಂಪಿಗೆ ಬಡಿದು ನಿಂತಿತು. ಅದು ಅವೈಜ್ಞಾನಿಕ ಹಂಪು, ನನ್ನ ಸೊಂಟಕ್ಕೆ ಅಪಾಯಕಾರಿ, ಕೂಡಲೇ ತೆಗೆಸಬೇಕೆಂದು ನಾನು ಎರಡು ಸಲ ಅರ್ಜಿ ಬರೆದಿದ್ದೆ. ಅದರಾಚೆಗೆ ಸಂಜೆ ಟ್ಯೂಷನ್ನಿಗೆ ಹೋಗುವ ಮಕ್ಕಳು ಸಾಲಾಗಿ ಬರುತ್ತಿದ್ದರು. ಆ ಅರ್ಜಿಗಳಿಗೆ ಯಾರೂ ಗಮನ ಕೊಡದಿದ್ದುದಕ್ಕೆ ನಾನು ಆ ದಿನದಿಂದ ಸರ್ಕಾರಕ್ಕೆ ಋಣಿಯಾಗಿದ್ದೇನೆ.

ಶಬ್ದ ಕೇಳಿ ಅಮ್ಮ ಹೊರಗೆ ಬಂದಳು. ಮೇಲೆ ನೋಡಿದಳು, ಕೆಳಗೆ ನೋಡಿದಳು, ಕೆಂಪಣ್ಣನವರನ್ನು ನೋಡಿದಳು. ಬೀದಿಯಲ್ಲೆಲ್ಲ ದಂಟಿನ ಸೊಪ್ಪು ಚೆಲ್ಲಿತ್ತು. ಬೇರೇನೂ ತೋಚದೆ, “ಸೊಪ್ಪು ತೊಳೆದ್ರೆ ಆಗತ್ತೆ, ಆರಿಸ್ಕೋ” ಎಂದಳು. ನಾನು ಬೀದಿಯ ನಡುವೆ ಕೂತು ಸೊಪ್ಪು ಆರಿಸಿದೆ. ಏನು ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲ. ಪಕ್ಕದಲ್ಲಿ ಕೆಂಪಣ್ಣನವರೂ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಕಡ್ಡಿ ಎತ್ತಿ ಕೊಡುತ್ತಿದ್ದರು.

ಮಾತೆಲ್ಲ ಬೀದಿ ಆಡಿತು. ಮೇಷ್ಟ್ರ ಸಮಯಪ್ರಜ್ಞೆ ನೋಡಿ ಎಂದರು. ‘ಬಿತ್ತು’ ಅಂತ ಕೂಗಿದ್ದರೆ ಮುದುಕರು ಗಾಬರಿಯಿಂದ ಅಲ್ಲೇ ಕೂತುಬಿಡುತ್ತಿದ್ದರು, ಅವರ ಮನಸ್ಸು ಅರಿತು ಏಳುವ ಹಾಗೆ ಮಾಡಿದರು, ಓದಿದವರೆಂದರೆ ಹೀಗಿರಬೇಕು ಎಂದರು. ಟ್ಯಾಂಕು ಯಾರದು ಎಂಬ ಪ್ರಶ್ನೆಯನ್ನು ಜನ ಹೇಗೆ ಮರೆತರೋ ನನಗೆ ತಿಳಿಯದು, ನಾನು ನೆನಪಿಸಲಿಲ್ಲ. ಕೆಂಪಣ್ಣನವರ ಹೆಂಡತಿ ಗಂಡನಿಗೂ ನನಗೂ ಸೇರಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಮರುದಿನ ಒಂದು ಡಬ್ಬಿ ಹೋಳಿಗೆ ತಂದುಕೊಟ್ಟರು. “ನನ್ ತಾಳಿ ಉಳ್ಸಿದ್ರಿ ಮೇಷ್ಟ್ರೇ” ಎಂದು ಆಕೆ ಕೈಮುಗಿದಾಗ ಬಾಯಿಗೆ ಹೋಗುತ್ತಿದ್ದ ಹೋಳಿಗೆಯನ್ನು ಡಬ್ಬಿಗೆ ವಾಪಸು ಇಟ್ಟೆ. ಏಕೆಂದರೆ ನಿಜ ನನಗೊಬ್ಬನಿಗೇ ಗೊತ್ತು. ಟ್ಯಾಂಕು ಕಟ್ಟೆ ಹತ್ತಿದ್ದನ್ನು ಕಂಡ ಕ್ಷಣದಲ್ಲಿ ನನ್ನ ತಲೆಯೊಳಗೆ ಬಂದದ್ದು ಕೆಂಪಣ್ಣನವರ ಪ್ರಾಣವಲ್ಲ. ‘ಸೋತೆ’ ಎಂದು ಬಂತು. ತಿಂಗಳಿಂದ ನಡೆದ ವಾದದಲ್ಲಿ ಈ ಮನುಷ್ಯ ಗೆದ್ದುಬಿಟ್ಟ ಎಂದು ಬಂತು. ಒಬ್ಬ ಮನುಷ್ಯನ ತಲೆಯ ಮೇಲೆ ಆನೆ ಬೀಳುತ್ತಿರುವಾಗ ನಾನು ಅಂಕ ಹಾಕುತ್ತಿದ್ದೆ. ಕೂಗಿದ್ದು ಎಚ್ಚರಿಕೆಯಲ್ಲ, ಫಲಿತಾಂಶ.

ಅಲ್ಲಿಂದ ಶುರುವಾಯಿತು ನನ್ನ ಮರುಪ್ರದರ್ಶನ. ಹಲ್ಲುಜ್ಜುವಾಗ, ಬಸ್ಸಿನಲ್ಲಿ, ಕ್ಲಾಸಿನಲ್ಲಿ. ಸಿಲಿಂಡರೊಂದು ಇಳಿಜಾರಿನಲ್ಲಿ ಉರುಳುವ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಹಿಂತಿರುಗದೆ ನಿಂತುಬಿಟ್ಟೆ. ಹಿಂದಿನ ಬೆಂಚಿನಿಂದ “ಸಾರ್, ಕೆಳಗೆ ಯಾರಾದ್ರೂ ಇದಾರಾ ಸಾರ್?” ಎಂದೊಬ್ಬ ಕೇಳಿದ, ಸುದ್ದಿ ಯಲಹಂಕದವರೆಗೂ ಹೋಗಿತ್ತು. ಪ್ರತಿ ಸಲವೂ ಮನಸ್ಸಿನಲ್ಲಿ ಆ ನಾಲ್ಕು ಸೆಕೆಂಡನ್ನು ತಿದ್ದುತ್ತಿದ್ದೆ. ಮರ್ಯಾದಸ್ಥನಾಗಿ ಕೂಗಬೇಕಾದ್ದನ್ನು ಕೂಗುತ್ತಿದ್ದೆ: “ಕೆಂಪಣ್ಣಾ, ಎದ್ದೇಳಿ, ಎದ್ದೇಳಿ.”

ಎರಡು ವಾರ ತಡೆದೆ. ಒಂದು ಭಾನುವಾರ ಬೆಳಿಗ್ಗೆ ರಸ್ತೆ ದಾಟಿದೆ. ಕೆಂಪಣ್ಣನವರು ತಮ್ಮ ಮನೆಯ ಕಡೆಯೇ, ಮೇಲೆ ಆಕಾಶ ಬಿಟ್ಟು ಬೇರೇನೂ ಇಲ್ಲದ ಜಾಗ ಆರಿಸಿ, ಹೊಸ ನೀಲಿ ಕುರ್ಚಿಯಲ್ಲಿ ಕೂತಿದ್ದರು. ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ನಾನು ನಿಮ್ಮನ್ನು ಉಳಿಸಲು ಕೂಗಲಿಲ್ಲ, ನಿಮ್ಮ ಹೆಂಡತಿಯ ಹೋಳಿಗೆಗೆ ನಾನು ಯೋಗ್ಯನಲ್ಲ ಎಂದೆ. ಅವರು ನಶ್ಯದ ಡಬ್ಬಿಯನ್ನು ತಟ್ಟುತ್ತ ಕೇಳಿದರು.

“ನಂಗೊತ್ತಿತ್ತು ಬುಡಿ” ಎಂದರು. “ಉಳ್ಸೋನು ಲೀಟರ್ ಲೆಕ್ಕ ಕೂಗ್ತಾನಾ?”

“ನಾನು ಎದ್ದೇಳಿ ಅನ್ಬೇಕಿತ್ತು ಕೆಂಪಣ್ಣ.”

“ಅಂದಿದ್ರೆ ನಾನು ಏಳ್ತಿದ್ನಾ?”

ಅದನ್ನು ನಾನು ಯೋಚಿಸಿರಲಿಲ್ಲ. ಅವರು ಮುಂದುವರಿಸಿದರು. “ನೀವ್ ಎದ್ದೇಳಿ ಅಂದಿದ್ರೆ, ಯಾಕ್ಲಾ ಏಳ್ಬೇಕು ಅಂತ ಇನ್ನಾ ಗಟ್ಟಿಯಾಗಿ ಕುಂತಿರ್ತಿದ್ದೆ. ಇವತ್ತು ನನ್ ಪೋಟೋಗೆ ಊವಿನ ಆರ ಆಕಿರೋರು. ನೀವು ಸೋತೆ ಅಂದ್ರಿ ನೋಡಿ, ಅದ್ನ ಅತ್ರದಿಂದ ಕೇಳನಾ ಅಂತ ಎದ್ದೆ.”

ಆಮೇಲೆ ಆ ಕಡೆ ಈ ಕಡೆ ನೋಡಿ, ಕುರ್ಚಿಯಿಂದ ಬಗ್ಗಿ, ದನಿ ತಗ್ಗಿಸಿದರು. “ಈಗ ನಂದೊಂದ್ ಕೇಳಿ. ನಾನು ಎಲ್ಡ್ ಸಾವ್ರ ಎಲ್ಡ್ ಸಾವ್ರ ಅಂತ ಬಡ್ಕತಿದ್ನಲ್ಲ, ಮಳೆ ಲೆಕ್ಕಕ್ಕಲ್ಲ. ನಿಮ್ ಪೋರ್ಟಿಕೋಗೆ ಎಷ್ಟ್ ಕಂಬಿ ಆಕ್ಸಿದೀನಿ ಅಂತ ನಂಗೊತ್ತಲ್ಲ, ಅದಕ್ಕೆ.”

“ಎಷ್ಟು ಹಾಕ್ಸಿದೀರಿ?”

“ಪೋರ್ಟಿಕೋಗೆ ಎಷ್ಟ್ ಬೇಕೋ ಅಷ್ಟು” ಎಂದರು. ಆಮೇಲೆ ಮುಖ ತಿರುಗಿಸಿ, “ಅದಕ್ಕಿಂತ ಒಂದೆಲ್ಡು ಕಮ್ಮೀನೇ ಇದ್ದಾವು. ಆಗ ಮಗಳ ಮದ್ವೆ ಇತ್ತು. ಬಾಯ್ಬಿಟ್ ಅನ್ನಕ್ ಆಗ್ಲಿಲ್ಲ. ಐದ್ ಸಾವ್ರ ಲೀಟ್ರು ಅಂದ್ರೆ ಎಷ್ಟ್ ತೂಕ ಮೇಷ್ಟ್ರೇ?”

ಒಂದು ಲೀಟರು ನೀರಿನ ತೂಕ ಒಂದು ಕಿಲೋ. ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ. ಐದು ಸಾವಿರ ಲೀಟರು ಎಂದರೆ ಐದು ಟನ್ನು. ಎರಡು ಗೆರೆ ಎಳೆದ ನನ್ನ ಲೆಕ್ಕದಲ್ಲಿ ಮಳೆಯಿತ್ತು, ತಾರಸಿಯಿತ್ತು, ತೂಕವೊಂದೇ ಇರಲಿಲ್ಲ. ರಸ್ತೆಯಾಚೆ, ಪೋರ್ಟಿಕೋದ ಕೆಳಗೆ, ಅಮ್ಮ ಮೊರ ಇಟ್ಟುಕೊಂಡು ಸೊಪ್ಪು ಬಿಡಿಸುತ್ತಿದ್ದಳು. ಅವಳು ಹಟ ಹಿಡಿಯದಿದ್ದರೆ ಪ್ಲಂಬರು ಮರುದಿನವೇ ಪೈಪು ಕೂಡಿಸುತ್ತಿದ್ದ, ಆಷಾಢದ ಮಳೆಗೆ ಟ್ಯಾಂಕು ತುಂಬುತ್ತಿತ್ತು. ಮುಂದಿನ ವಾಕ್ಯವನ್ನು ನಾನು ಮನಸ್ಸಿನಲ್ಲೂ ಪೂರ್ತಿ ಮಾಡುವುದಿಲ್ಲ. ಯಾವ ಆಷಾಢ ಕೆಂಪಣ್ಣನವರನ್ನು ಕೊಲ್ಲುವುದರಲ್ಲಿತ್ತೋ ಅದೇ ಆಷಾಢ ಅಮ್ಮನನ್ನು ಉಳಿಸಿತ್ತು. ಅವಳ ಶಾಸ್ತ್ರವನ್ನು ಬೈಯಲೂ ಆಗದೆ, ಒಪ್ಪಲೂ ಆಗದೆ, ನಾನೂ ಕೆಂಪಣ್ಣನವರೂ ಇಬ್ಬರು ಕಳ್ಳರಂತೆ ಅವಳನ್ನು ನೋಡುತ್ತ ಕೂತೆವು. “ಇನ್ಮೇಲೆ ಅದ್ರ ಮ್ಯಾಲೆ ಅಪ್ಪಳ ಒಣಗಾಕಿ, ಸಾಕು” ಎಂದರು ಅವರು.

ಶ್ರಾವಣದಲ್ಲಿ ಹೊಸ ಟ್ಯಾಂಕು ಬಂತು. ಎರಡು ಸಾವಿರ ಲೀಟರು. ದಾಸವಾಳವನ್ನು ಆಚೆಗೆ ಸರಿಸಿ, ಸೈಕಲ್ಲನ್ನು ಗುಜರಿಗೆ ಹಾಕಿ, ನೆಲದ ಮೇಲೆ ಕಟ್ಟೆ ಕಟ್ಟಿ ನಿಲ್ಲಿಸಿದೆವು. ಬಚ್ಚಲಿಗೆ ಚಿಕ್ಕ ಮೋಟಾರು ಹಾಕಿಸಿದೆವು. ತೆಂಗಿನಕಾಯಿ ಒಡೆದವರು ಕೆಂಪಣ್ಣನವರು. ಹಳೆಯ ದೊಡ್ಡದಕ್ಕೆ ಒಂದು ಗೀರೂ ಆಗಿರಲಿಲ್ಲ. ತಾವು ಕಟ್ಟಿಸುತ್ತಿರುವ ಹೊಸ ಮನೆಗೆ ನೀರು ಹೊಡೆಯಲು ಬೇಕೆಂದು ಅವರೇ ಉರುಳಿಸಿಕೊಂಡು ಹೋದರು. ಆ ಮನೆಯ ಪೋರ್ಟಿಕೋಗೆ ಕಂಬಿ ಕಟ್ಟುವ ದಿನ ನನ್ನನ್ನು ಕರೆದು ಎಣಿಸಲು ಹೇಳಿದರು. ಎರಡು ಸಲ ಎಣಿಸಿದೆ. ಮಳೆಗಾಲ ಮುಗಿಯುವವರೆಗೂ ಟ್ಯಾಂಕರಿನವನಿಗೆ ಒಂದು ಸಲವೂ ಫೋನು ಮಾಡಲಿಲ್ಲ. ಒಮ್ಮೆ ಅವನೇ ಮಾಡಿ, “ಏನ್ ಸಾರ್, ಆರೋಗ್ಯಾನಾ?” ಎಂದು ವಿನಯದಿಂದ ಕೇಳಿದ. ಆದರೂ ಗಾಳಿ ಬೀಸಿದಾಗ ನಾನು ಹೋಗಿ ಎರಡು ಕೈಯಲ್ಲಿ ಟ್ಯಾಂಕನ್ನು ತಳ್ಳಿ ನೋಡುತ್ತೇನೆ. “ಎರಡು ಟನ್ ನೀರಿದೆ ಅದ್ರಲ್ಲಿ” ಎನ್ನುತ್ತಾಳೆ ಶಾರದಾ. “ಅದು ಹಾರಲ್ಲ. ಕಟ್ಟಿಹಾಕ್ಬೇಕಾಗಿರೋದು ನಿಮ್ಮನ್ನ.”

ಈಗ ಬಡಾವಣೆಯಲ್ಲಿ ಮಳೆನೀರಿನ ಟ್ಯಾಂಕಿನ ವಿಷಯಕ್ಕೆ ನಾನೇ ತಜ್ಞ. ಮೊನ್ನೆ ಹಿಂದಿನ ಬೀದಿಯವರೊಬ್ಬರು ತಾರಸಿಯ ಅಳತೆ ಬರೆದುಕೊಂಡು ಬಂದರು. ನಾನು ಆ ಕಾಗದ ನೋಡಲೇ ಇಲ್ಲ. ಎಲ್ಲಿಡುತ್ತೀರಿ, ಕೆಳಗೆ ಯಾರು ಕೂರುತ್ತಾರೆ, ಮನೆ ಕಟ್ಟಿಸಿದವರು ಯಾರು ಎಂದು ಕೇಳಿ, ಕೊನೆಗೆ ಕ್ಲಾಸಿನ ದನಿಯಲ್ಲಿ “ಎರಡು ಸಾವಿರ ಸಾಕು” ಎಂದೆ. ರಸ್ತೆಯಾಚೆ ಕೆಂಪಣ್ಣನವರು ನೀಲಿ ಕುರ್ಚಿಯಿಂದ ಎದ್ದು ನಿಂತರು. ಎದ್ದು, ತಲೆಯೆತ್ತಿ ಮೇಲೆ ನೋಡಿದರು. ನಾನೂ ನಮ್ಮ ಪೋರ್ಟಿಕೋ ಮೇಲೆ ನೋಡಿದೆ. ಅಮ್ಮನ ಹಳೆಯ ಸೀರೆಯ ಮೇಲೆ ಉದ್ದಿನ ಹಪ್ಪಳ ಒಣಗುತ್ತಿದ್ದವು. ಸೀರೆಯ ತುದಿ ಗಾಳಿಗೆ ಅಷ್ಟೇ ಅಷ್ಟು ಎದ್ದಿತು. ಬಂದವರಿಗೆ ಒಂದು ನಿಮಿಷ ಎಂದು ಹೇಳಿ ಮೇಲೆ ಹೋಗಿ, ಮೂಲೆಯಲ್ಲಿ ಇನ್ನೂ ಬಿದ್ದಿದ್ದ ಆ ಎರಡು ಇಟ್ಟಿಗೆಗಳನ್ನು ತಂದು ಸೀರೆಯ ಮೇಲೆ ಆ ಕಡೆ ಒಂದು, ಈ ಕಡೆ ಒಂದು ಇಟ್ಟೆ.

“ಹಪ್ಪಳ ಬಿದ್ರೆ ಯಾರೂ ಸಾಯಲ್ಲ ಕಣ್ರೀ” ಎಂದಳು ಶಾರದಾ ಕೆಳಗಿನಿಂದ.

ಇರಬಹುದು. ಆದರೆ ಮೊದಲು ನೀನು ಅಲ್ಲಿಂದ ಆ ಕಡೆ ಸರಿ ಎಂದೆ.